ಹಳೆಯ ಸ್ಟೇಷನ್ ವ್ಯಾಗನ್‌ನ ಹಿಂಬಾಗಿಲ ಲಾಕ್ ಬಿಗಿದುಕೊಂಡರೆ

ನಮ್ಮಲ್ಲಿ ಸ್ಟೇಷನ್ ವ್ಯಾಗನ್‌ಗಳು ಎಂದೂ ದೊಡ್ಡ ಸಂಖ್ಯೆಯಲ್ಲಿ ಮಾರಾಟವಾಗಲಿಲ್ಲ. 1992ರಲ್ಲಿ ಬಂದ ಟಾಟಾ ಎಸ್ಟೇಟ್, ಆಮೇಲಿನ ಮಾರುತಿ ಬಲೆನೊ ಆಲ್ಟುರಾ, 2004ರಲ್ಲಿ ಬಂದ ಇಂಡಿಗೊ ಮರೀನಾ, ಸ್ಕೋಡಾ ಆಕ್ಟೇವಿಯಾ ಕಾಂಬಿ, ಹೀಗೆ ಬೆರಳೆಣಿಕೆಯಷ್ಟು ಮಾದರಿಗಳು ಬಂದು ನಿಂತುಹೋದವು. ಇವತ್ತಿಗೂ ಇವುಗಳನ್ನು ಇಟ್ಟುಕೊಂಡವರು ಮುಖ್ಯವಾಗಿ ಹಿಂದಿನ ಆ ಉದ್ದನೆಯ ಜಾಗಕ್ಕಾಗಿಯೇ ಇಟ್ಟುಕೊಂಡಿದ್ದಾರೆ. ತೋಟಕ್ಕೆ ಗೊಬ್ಬರದ ಚೀಲ ಒಯ್ಯುವುದಕ್ಕೂ ಮದುವೆಮನೆಗೆ ಪಾತ್ರೆ ಸಾಗಿಸುವುದಕ್ಕೂ ಅದಕ್ಕಿಂತ ಒದಗುವ ಗಾಡಿ ಇನ್ನೊಂದಿಲ್ಲ. ಹಾಗಿರುವಾಗ ಹಿಂಬಾಗಿಲೇ ತೆರೆಯದೆ ಹೋದರೆ ಗಾಡಿಯ ಅರ್ಧ ಉಪಯೋಗ ಹೋದಂತೆಯೇ ಸರಿ.

ಈ ತೊಂದರೆಯಲ್ಲಿ ಸಾಮಾನ್ಯವಾಗಿ ಎಲ್ಲರೂ ಮಾಡುವ ಮೊದಲ ಕೆಲಸ ಕೀಲಿಯ ತೂತಿನೊಳಗೆ ಎಣ್ಣೆ ಬಿಡುವುದು. ಎರಡನೆಯದು ಕೀಯನ್ನು ಇನ್ನಷ್ಟು ಬಲವಾಗಿ ತಿರುಗಿಸುವುದು. ಎರಡೂ ಬೇಡ ಎಂದು ಮೊದಲೇ ಹೇಳಿಬಿಡುತ್ತೇನೆ. ಹಿಂಬಾಗಿಲ ಲಾಕ್ ಎಂದು ನಾವು ಒಂದೇ ಹೆಸರಿನಿಂದ ಕರೆಯುವುದು ವಾಸ್ತವವಾಗಿ ನಾಲ್ಕು ಬೇರೆ ಬೇರೆ ಭಾಗಗಳ ಸರಣಿ. ಅವುಗಳಲ್ಲಿ ಬಿಗಿದುಕೊಂಡಿರುವುದು ಯಾವುದು ಎಂದು ಗೊತ್ತಾಗುವ ತನಕ ಕೈಯಲ್ಲಿ ಸ್ಪ್ರೇ ಡಬ್ಬಿ ಹಿಡಿಯಬಾರದು. ಲಾಕ್ ಹಾಳಾಗಿದೆ, ಇಡೀ ಸೆಟ್ಟೇ ಬದಲಾಯಿಸಬೇಕು ಎಂದು ಗ್ಯಾರೇಜಿನವರು ಹೇಳುವ ಎಷ್ಟೋ ಗಾಡಿಗಳಲ್ಲಿ ಬೇಕಾಗಿರುವುದು ಕೊಳೆ ತೆಗೆಯುವುದು ಮತ್ತು ಒಂದೆರಡು ಬೋಲ್ಟುಗಳನ್ನು ಸರಿಯಾದ ಜಾಗದಲ್ಲಿ ಕೂರಿಸುವುದು, ಅಷ್ಟೇ.

ಒಳಗೆ ಇರುವುದೇನು

ಹೊರಗಡೆಯಿಂದ ಕೀ ಹಾಕುವ ಭಾಗ ಬ್ಯಾರಲ್. ಅದರೊಳಗೆ ಕೀಯ ಹಲ್ಲುಗಳಿಗೆ ತಕ್ಕಂತೆ ಮೇಲೆ ಕೆಳಗೆ ಸರಿಯುವ ತೆಳು ತಗಡುಗಳಿರುತ್ತವೆ; ಇವುಗಳಿಗೆ ವೇಫರ್ ಎನ್ನುತ್ತಾರೆ, ಸಾಮಾನ್ಯವಾಗಿ ಹಿತ್ತಾಳೆಯವು. ಒಂದೊಂದು ವೇಫರಿನ ಹಿಂದೆಯೂ ಕೂದಲೆಳೆಯಂಥ ಪುಟ್ಟ ಸ್ಪ್ರಿಂಗ್ ಇರುತ್ತದೆ. ಸರಿಯಾದ ಕೀ ಹಾಕಿದಾಗ ವೇಫರುಗಳೆಲ್ಲ ಒಂದೇ ಮಟ್ಟಕ್ಕೆ ಬಂದು ಬ್ಯಾರಲ್ ತಿರುಗುತ್ತದೆ. ಅದರ ಹಿಂಬದಿಯ ತುದಿಯಿಂದ ಒಂದು ತೆಳ್ಳನೆಯ ಉಕ್ಕಿನ ರಾಡ್ ಅಥವಾ ಕೇಬಲ್ ಬಾಗಿಲ ಕೆಳಗಿನ ಅಂಚಿನವರೆಗೆ ಹೋಗಿ ಲ್ಯಾಚಿನ ಸನ್ನೆಗೆ, ಅಂದರೆ ಲಿವರಿಗೆ, ಸಿಕ್ಕಿಕೊಂಡಿರುತ್ತದೆ. ಈ ಲ್ಯಾಚೇ ನಿಜವಾಗಿ ಬಾಗಿಲನ್ನು ಹಿಡಿಯುವ ಭಾಗ. ಅದರಲ್ಲಿ ಕವೆಯಾಕಾರದ ಒಂದು ದಪ್ಪ ತಗಡು ಇದ್ದು, ಬಾಗಿಲು ಮುಚ್ಚಿದಾಗ ಅದು ತಿರುಗಿ ಗಾಡಿಯ ಹೊಸ್ತಿಲಲ್ಲಿರುವ ಸ್ಟ್ರೈಕರನ್ನು, ಅಂದರೆ ಯು ಆಕಾರದ ಆ ಗಟ್ಟಿ ಕಂಬಿಯನ್ನು, ಅಪ್ಪಿಕೊಳ್ಳುತ್ತದೆ. ಕವೆ ಹಿಂದಕ್ಕೆ ತಿರುಗದಂತೆ ಒಂದು ಚಿಕ್ಕ ಕೊಕ್ಕೆ ಅದನ್ನು ತಡೆಯುತ್ತದೆ. ನೀವು ಕೀ ತಿರುಗಿಸಿದಾಗ ಆಗುವುದು ಇಷ್ಟೇ: ಬ್ಯಾರಲ್ ರಾಡನ್ನು ಎಳೆಯುತ್ತದೆ, ರಾಡ್ ಕೊಕ್ಕೆಯನ್ನು ಸರಿಸುತ್ತದೆ, ಕವೆ ಬಿಟ್ಟುಕೊಳ್ಳುತ್ತದೆ. ಕೆಲವು ಗಾಡಿಗಳಲ್ಲಿ ಕೀ ಬಾಗಿಲನ್ನು ತೆರೆಯುವುದಿಲ್ಲ, ಹ್ಯಾಂಡಲಿಗೆ ಅನುಮತಿ ಕೊಡುತ್ತದೆ ಅಷ್ಟೆ; ಎಳೆಯುವ ಕೆಲಸ ಹ್ಯಾಂಡಲಿನದು. ಸೆಂಟ್ರಲ್ ಲಾಕಿಂಗ್ ಇರುವ ಗಾಡಿಗಳಲ್ಲಿ ಇದೇ ಸರಣಿಗೆ ಒಂದು ಪುಟ್ಟ ಮೋಟಾರನ್ನೂ ಜೋಡಿಸಿರುತ್ತಾರೆ.

ಸ್ಟೇಷನ್ ವ್ಯಾಗನ್‌ನ ಹಿಂಬಾಗಿಲಿಗೆ ಮಾತ್ರ ಇಷ್ಟು ಕಾಟ ಏಕೆ ಎಂದರೆ ಅದಕ್ಕೆ ಗಾಡಿಯ ಆಕಾರವೇ ಕಾರಣ. ಹಿಂಭಾಗ ಗೋಡೆಯಂತೆ ನೆಟ್ಟಗೆ ಕತ್ತರಿಸಿದ ಗಾಡಿ ಓಡುವಾಗ ಅದರ ಬೆನ್ನಿಗೆ ಗಾಳಿಯ ಒತ್ತಡ ಕಡಿಮೆಯಾಗಿ, ಚಕ್ರಗಳು ಎಬ್ಬಿಸಿದ ಧೂಳೂ ಕೆಸರಿನ ಹನಿಯೂ ಸುತ್ತಿ ಬಂದು ಹಿಂಬಾಗಿಲ ಮೇಲೆಯೇ ಕೂರುತ್ತವೆ. ಮಣ್ಣಿನ ರಸ್ತೆಯಲ್ಲಿ ಹತ್ತಾರು ಕಿಲೋಮೀಟರ್ ಹೋಗಿ ಬಂದ ವ್ಯಾಗನ್‌ನ ಹಿಂದಿನ ಗಾಜನ್ನೂ ಪಕ್ಕದ ಗಾಜನ್ನೂ ಹೋಲಿಸಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಆ ಧೂಳು ಕೀಲಿಯ ತೂತಿಗೂ ಲ್ಯಾಚಿನ ಬಾಯಿಗೂ ಹೋಗುತ್ತದೆ. ಅದರ ಮೇಲೆ ಎಣ್ಣೆ ಬಿಟ್ಟರೆ ಎರಡೂ ಕಲೆತು ಅರೆದ ಲೇಪವಾಗಿ, ಒಣಗಿದ ಮೇಲೆ ವೇಫರುಗಳನ್ನು ಅವುಗಳ ಸೀಳುಗಳಲ್ಲಿಯೇ ಅಂಟಿಸಿಬಿಡುತ್ತದೆ. ಮನೆಯಲ್ಲಿರುವ ಕೊಬ್ಬರಿ ಎಣ್ಣೆಯನ್ನು ಬಿಡುವವರಿದ್ದಾರೆ. ಅದು 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಹೆಪ್ಪುಗಟ್ಟುವ ಎಣ್ಣೆಯಾದ್ದರಿಂದ ಮಾಗಿಯ ಬೆಳಿಗ್ಗೆಗಳಲ್ಲಿ ಲಾಕಿನೊಳಗೇ ಗಟ್ಟಿಯಾಗುತ್ತದೆ.

ಮೊದಲು ರೋಗ ಎಲ್ಲಿದೆ ಎಂದು ತಿಳಿಯುವುದು

ಇದಕ್ಕೆ ಯಾವ ಉಪಕರಣವೂ ಬೇಡ, ಜೊತೆಗೊಬ್ಬರಿದ್ದರೆ ಸಾಕು. ಬಾಗಿಲು ಮುಚ್ಚಿರುವಾಗ ಒಬ್ಬರು ಲಾಕಿನ ನೇರಕ್ಕೆ, ಬಾಗಿಲ ಕೆಳಗಿನ ಅಂಚಿನ ಹತ್ತಿರ, ಎರಡೂ ಅಂಗೈಯೂರಿ ಬಾಗಿಲನ್ನು ಒಳಕ್ಕೆ ಒತ್ತಿ ಹಿಡಿಯಲಿ; ಇನ್ನೊಬ್ಬರು ಅದೇ ಹೊತ್ತಿಗೆ ಕೀ ತಿರುಗಿಸಲಿ ಅಥವಾ ಹ್ಯಾಂಡಲ್ ಎಳೆಯಲಿ. ಒತ್ತಿದಾಗ ಸಲೀಸಾಗಿ ತೆರೆದು, ಒತ್ತದಿದ್ದಾಗ ಬಿಗಿಯುತ್ತಿದ್ದರೆ ಕೀಲಿಯದ್ದೂ ಲ್ಯಾಚಿನದ್ದೂ ದೋಷವಲ್ಲ. ಬಾಗಿಲ ಸುತ್ತಲಿನ ರಬ್ಬರ್ ಬೀಡಿಂಗ್ ಬಾಗಿಲನ್ನು ಹೊರಕ್ಕೆ ತಳ್ಳುತ್ತಿದೆ, ಸ್ಟ್ರೈಕರ್ ಕವೆಯನ್ನು ಬಿಗಿಯಾಗಿ ಎಳೆದು ಹಿಡಿದಿದೆ, ಆ ಒತ್ತಡದಲ್ಲಿ ಕೊಕ್ಕೆ ಜಾರಲಾರದೆ ನಿಂತಿದೆ ಎಂದರ್ಥ. ಈ ಒಂದು ಪರೀಕ್ಷೆ ಅರ್ಧ ದಿನದ ಕೆಲಸ ಉಳಿಸುತ್ತದೆ. ಇದನ್ನು ಮಾಡದೆ ಬಾಗಿಲ ಒಳಹಲಗೆ ಬಿಚ್ಚಲು ಹೊರಡಬೇಡಿ.

ಒತ್ತಿದರೂ ಕೀ ತಿರುಗದಿದ್ದರೆ, ಅದು ಪೂರ್ತಿ ಒಳಗೆ ಹೋಗುತ್ತಿದೆಯೇ ಎಂದು ನೋಡಿ. ಅರ್ಧಕ್ಕೆ ನಿಲ್ಲುತ್ತಿದ್ದರೆ ಅಥವಾ ಒಳಗೆ ಹೋಗಿಯೂ ಕದಲದಿದ್ದರೆ ತೊಂದರೆ ಬ್ಯಾರಲಿನಲ್ಲಿದೆ. ಕೀ ಸುಲಭವಾಗಿ, ಅದೂ ಮೊದಲಿಗಿಂತ ಹಗುರವಾಗಿ ತಿರುಗಿ ಏನೂ ಆಗದಿದ್ದರೆ ರಾಡ್ ಕಳಚಿದೆ ಅಥವಾ ಅದರ ಪ್ಲಾಸ್ಟಿಕ್ ಕ್ಲಿಪ್ ಮುರಿದಿದೆ. ಕೀ ತಿರುಗುತ್ತದೆ, ಒಳಗೆ ರಾಡ್ ಎಳೆದ ಭಾರವೂ ಕೈಗೆ ತಿಳಿಯುತ್ತದೆ, ಆದರೆ ಕೊನೆಯಲ್ಲಿ ಬರಬೇಕಾದ ಟಕ್ ಎಂಬ ಸದ್ದು ಬರುವುದಿಲ್ಲ ಎಂದಾದರೆ ಲ್ಯಾಚ್ ಅಂಟಿಕೊಂಡಿದೆ. ರಿಮೋಟ್ ಒತ್ತಿದಾಗ ಉಳಿದ ಬಾಗಿಲುಗಳಲ್ಲಿ ಸದ್ದಾಗಿ ಹಿಂದೆ ಮಾತ್ರ ಮೌನವಾಗಿದ್ದರೆ ವೈರಿನ ಕಡೆ ನೋಡಬೇಕು. ಹಿಂದೆಯೂ ಕ್ಷೀಣವಾದ ಗುಂಯ್ ಸದ್ದು ಬಂದು ಬಾಗಿಲು ತೆರೆಯದಿದ್ದರೆ ಮೋಟಾರ್ ಸೋತಿದೆ ಅಥವಾ ಅದಕ್ಕೆ ಎಳೆಯಲಾಗದಷ್ಟು ಲ್ಯಾಚ್ ಬಿಗಿಯಾಗಿದೆ.

ಬಾಗಿಲು ಮುಚ್ಚಿಕೊಂಡೇ ಸಿಕ್ಕಿಬಿದ್ದಿದ್ದರೆ ಹಿಂದಿನ ಸೀಟನ್ನು ಮಡಚಿ ಒಳಗಿನಿಂದ ಹೋಗಬೇಕಾಗುತ್ತದೆ. ಸ್ಟೇಷನ್ ವ್ಯಾಗನ್‌ನಲ್ಲಿ ಈ ದಾರಿ ಇರುವುದು ನಮ್ಮ ಭಾಗ್ಯ. ಸೆಡಾನಿನವರಿಗೆ ಇದು ಇಷ್ಟು ಸುಲಭವಲ್ಲ. ಬಾಗಿಲ ಒಳಹಲಗೆಯ ಕೆಳಭಾಗದಲ್ಲಿ, ಲ್ಯಾಚಿನ ನೇರಕ್ಕೆ, ಕೆಲವು ಗಾಡಿಗಳಲ್ಲಿ ಚಿಕ್ಕ ಮುಚ್ಚಳವಿರುತ್ತದೆ. ಅದನ್ನು ತೆಗೆದರೆ ಲ್ಯಾಚಿನ ಸನ್ನೆ ಸ್ಕ್ರೂಡ್ರೈವರಿಗೆ ಸಿಗುತ್ತದೆ. ಮುಚ್ಚಳವಿಲ್ಲದಿದ್ದರೆ ಒಳಹಲಗೆಯನ್ನೇ ಬಿಡಿಸಬೇಕು. ಸನ್ನೆಯನ್ನು ಸರಿಸುವಾಗಲೂ ಹೊರಗಿನಿಂದ ಒಬ್ಬರು ಬಾಗಿಲನ್ನು ಒಳಕ್ಕೆ ಒತ್ತಿ ಹಿಡಿದರೆ ಕೊಕ್ಕೆ ಬೇಗ ಬಿಡುತ್ತದೆ.

ಬಿಚ್ಚುವ ಮೊದಲು

ಬಾಗಿಲು ತೆರೆದ ಕೂಡಲೇ ಅದಕ್ಕೆ ಗಟ್ಟಿಯಾದ ಮರದ ಊರುಗೋಲು ಕೊಡಿ. ಹಳೆಯ ಗಾಡಿಯ ಗ್ಯಾಸ್ ಸ್ಟ್ರಟ್‌ಗಳು, ಅಂದರೆ ಬಾಗಿಲನ್ನು ಎತ್ತಿ ಹಿಡಿಯುವ ಎರಡು ಪಕ್ಕದ ದಂಡಗಳು, ಎಷ್ಟು ಹೊತ್ತು ಹಿಡಿದಾವು ಎಂದು ನಂಬಿ ಅದರ ಕೆಳಗೆ ತಲೆಯಿಡುವುದು ಸರಿಯಲ್ಲ; ಗಾಜು, ವೈಪರ್ ಮೋಟಾರ್ ಎಲ್ಲ ಸೇರಿ ಆ ಬಾಗಿಲ ಭಾರ ಕಡಿಮೆಯೇನಲ್ಲ. ಸ್ಟ್ರಟ್ ಸೋತಿದ್ದರೆ ಎರಡನ್ನೂ ಒಟ್ಟಿಗೆ ಬದಲಾಯಿಸಬೇಕು. ಒಂದೇ ಕಡೆ ಹೊಸತು ಹಾಕಿದರೆ ಬಾಗಿಲು ತಿರುಚಿಕೊಂಡು, ಲ್ಯಾಚು ಸ್ಟ್ರೈಕರಿನ ಮೇಲೆ ಓರೆಯಾಗಿ ಇಳಿಯತೊಡಗುತ್ತದೆ. ಅವುಗಳೊಳಗೆ ಅಧಿಕ ಒತ್ತಡದ ನೈಟ್ರೋಜನ್ ಇರುವುದರಿಂದ ಹಳೆಯವನ್ನು ಕೊರೆಯುವುದಾಗಲಿ ಬೆಂಕಿಗೆ ಹಾಕುವುದಾಗಲಿ ಕೂಡದು.

ಸೆಂಟ್ರಲ್ ಲಾಕಿಂಗ್ ಅಥವಾ ಹಿಂದಿನ ವೈಪರ್ ಇರುವ ಗಾಡಿಯಾದರೆ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿಡಿ. ಬ್ಯಾಟರಿ ಬಿಚ್ಚಿದ ಮೇಲೆ ಕೋಡ್ ಕೇಳುವ ಸ್ಟೀರಿಯೊ ಆದರೆ ಆ ಕೋಡ್ ನಿಮ್ಮಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಿ. ಒಳಹಲಗೆಯ ಕಾಣುವ ಸ್ಕ್ರೂಗಳನ್ನೆಲ್ಲ ತೆಗೆದ ಮೇಲೆ ಉಳಿಯುವುದು ಅಂಚಿನ ಪ್ಲಾಸ್ಟಿಕ್ ಕ್ಲಿಪ್‌ಗಳು. ಇಪ್ಪತ್ತು ವರ್ಷ ಬಿಸಿಲುಂಡ ಪ್ಲಾಸ್ಟಿಕ್ ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಆದ್ದರಿಂದ ಈ ಕೆಲಸವನ್ನು ಚಳಿಯ ಬೆಳಗಿನಲ್ಲಿ ಮಾಡದೆ ಗಾಡಿ ಸ್ವಲ್ಪ ಹೊತ್ತು ಬಿಸಿಲಿನಲ್ಲಿ ನಿಂತ ಮೇಲೆ ಮಾಡಿ. ಲೋಹದ ಸ್ಕ್ರೂಡ್ರೈವರಿಗಿಂತ ಅಗಲವಾದ ಪ್ಲಾಸ್ಟಿಕ್ ಮೀಟುಪಟ್ಟಿ ಒಳ್ಳೆಯದು, ಮತ್ತು ಅದನ್ನು ಕ್ಲಿಪ್ಪಿನ ಪಕ್ಕದಲ್ಲೇ ತೂರಿಸಿ ಮೀಟಬೇಕು. ಎರಡು ಕ್ಲಿಪ್‌ಗಳ ನಡುವೆ ಮೀಟಿದರೆ ಹಲಗೆಯೇ ಸೀಳುತ್ತದೆ. ಕೆಲವು ಕ್ಲಿಪ್‌ಗಳು ಮುರಿಯುತ್ತವೆ ಎಂದು ಮೊದಲೇ ತಿಳಿದು ಅದೇ ಅಳತೆಯ ಒಂದು ಪೊಟ್ಟಣ ತಂದಿಟ್ಟುಕೊಳ್ಳುವುದು ಜಾಣತನ.

ಹಲಗೆಯ ಹಿಂದೆ ಪ್ಲಾಸ್ಟಿಕ್ ಹಾಳೆಯೊಂದು ಅಂಟಿಸಿದ್ದರೆ ಅದನ್ನು ಹರಿಯದೆ ನಿಧಾನವಾಗಿ ಬಿಡಿಸಿ. ಒಳಗೆ ನುಗ್ಗುವ ನೀರು ಹಲಗೆಗೆ ತಾಗದೆ ಕೆಳಗಿಳಿದು ಹೋಗಲೆಂದೇ ಅದನ್ನು ಇಟ್ಟಿರುತ್ತಾರೆ. ಅದನ್ನು ಕಿತ್ತೆಸೆದ ಗಾಡಿಗಳಲ್ಲಿ ಮೊದಲು ಹಲಗೆ ಉಬ್ಬುತ್ತದೆ, ಆಮೇಲೆ ಡಿಕ್ಕಿಯಲ್ಲಿ ಮುಗ್ಗಲು ವಾಸನೆ ಬರುತ್ತದೆ.

ಬಾಗಿಲ ಒಳಗು ಕಂಡ ಮೇಲೆ ಲ್ಯಾಚನ್ನು ಮುಟ್ಟುವ ಮುಂಚೆ ಒಂದು ಟಾರ್ಚ್ ಹಿಡಿದು ನೀರಿನ ಗುರುತುಗಳನ್ನು ಹುಡುಕಿ. ಬಾಗಿಲ ಕೆಳ ಅಂಚಿನಲ್ಲಿ ನೀರು ಇಳಿದುಹೋಗಲು ಚಿಕ್ಕ ತೂತುಗಳಿರುತ್ತವೆ. ಅವು ಮಣ್ಣಿನಿಂದ ಮುಚ್ಚಿಹೋಗಿದ್ದರೆ ಮಳೆಗಾಲವಿಡೀ ಲ್ಯಾಚು ನೀರಿನಲ್ಲೇ ನಿಂತಿರುತ್ತದೆ. ಇನ್ನೊಂದು ಕಾರಣ ಹಿಂದಿನ ಗಾಜಿಗೆ ನೀರು ಚಿಮ್ಮಿಸುವ ವಾಷರ್ ಪೈಪು. ಬಾಗಿಲೊಳಗೆ ಅದರ ಜೋಡಣೆ ಸಡಿಲವಾಗಿದ್ದರೆ ವಾಷರ್ ಒತ್ತಿದಾಗಲೆಲ್ಲ ನೀರು ಲ್ಯಾಚಿನ ಮೇಲೆ ಸುರಿಯುತ್ತದೆ, ಮಾಲೀಕರು ಮಾತ್ರ ಮಳೆಯನ್ನು ದೂರುತ್ತಾರೆ. ತುಕ್ಕು ಕಂಡಲ್ಲಿ ನೀರು ಎಲ್ಲಿಂದ ಬಂತು ಎಂಬುದನ್ನು ಪತ್ತೆಹಚ್ಚದೆ ಲಾಕನ್ನು ಸರಿಮಾಡಿದರೆ ಮುಂದಿನ ಆಷಾಢಕ್ಕೆ ಮತ್ತೆ ಇದೇ ಕೆಲಸ ಕಾದಿರುತ್ತದೆ.

ಬ್ಯಾರಲ್

ರಿಮೋಟ್ ಬಂದ ಮೇಲೆ ಹಿಂಬಾಗಿಲಿಗೆ ಕೀ ಹಾಕುವ ಅಭ್ಯಾಸವೇ ತಪ್ಪಿಹೋಗಿದೆ. ವರ್ಷಗಟ್ಟಲೆ ಅಲುಗಾಡದ ಬ್ಯಾರಲಿನಲ್ಲಿ ವೇಫರುಗಳು ಅಂಟಿಕೊಳ್ಳುತ್ತವೆ, ಮತ್ತು ಬ್ಯಾಟರಿ ಸತ್ತ ದಿನ, ಅಂದರೆ ಕೀ ನಿಜವಾಗಿ ಬೇಕಾದ ದಿನವೇ, ಅದು ತಿರುಗುವುದಿಲ್ಲ.

ಮೊದಲು ಕೀಯನ್ನು ನೋಡಿ. ಸವೆದ ಕೀಯ ಹಲ್ಲುಗಳ ತುದಿ ಉರುಟಾಗಿರುತ್ತದೆ. ಮನೆಯಲ್ಲಿ ಬಳಸದೆ ಇಟ್ಟ ಎರಡನೆಯ ಕೀ ಇದ್ದರೆ ಅದನ್ನು ಹಾಕಿ ನೋಡಿ; ಅದು ಸಲೀಸಾಗಿ ತಿರುಗಿದರೆ ಬ್ಯಾರಲಿಗೆ ಏನೂ ಆಗಿಲ್ಲ. ಸವೆದ ಕೀಯಿಂದ ಇನ್ನೊಂದು ನಕಲು ಮಾಡಿಸಿದರೆ ಸವೆತವೂ ನಕಲಾಗುತ್ತದೆ. ಆದ್ದರಿಂದ ಹೊಸ ಕೀಯನ್ನು ಕೀ ಸಂಖ್ಯೆಯ ಆಧಾರದ ಮೇಲೆ, ಅದಿಲ್ಲದಿದ್ದರೆ ಕಡಿಮೆ ಬಳಸಿದ ಕೀಯಿಂದ ಮಾಡಿಸಬೇಕು.

ಕೀ ಚೆನ್ನಾಗಿದ್ದೂ ಬ್ಯಾರಲ್ ಕದಲದಿದ್ದರೆ ಅದನ್ನು ತೊಳೆಯಬೇಕು. ಇದಕ್ಕೆ ಬೇಗ ಆರಿಹೋಗುವ, ಹಿಂದೆ ಜಿಡ್ಡು ಉಳಿಸದ ದ್ರವ ಬೇಕು. ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಸೂಕ್ತ. ಕಾರ್ಬುರೇಟರ್ ಕ್ಲೀನರ್ ಪೇಂಟನ್ನೂ ಪ್ಲಾಸ್ಟಿಕ್ಕನ್ನೂ ತಿನ್ನುವುದರಿಂದ ಇಲ್ಲಿ ಬಳಸಬಾರದು. ಕೀಲಿಯ ತೂತಿನ ಬಾಯಿಗೆ ಸ್ಪ್ರಿಂಗ್ ಇರುವ ಪುಟ್ಟ ಬಾಗಿಲೊಂದಿರುತ್ತದೆ. ಅದನ್ನು ತೆಳುವಾದ ತಂತಿಯಿಂದ ಒಳಕ್ಕೆ ಒತ್ತಿ ಹಿಡಿದು, ಡಬ್ಬಿಯ ಕೊಳವೆಯನ್ನು ತೂರಿಸಿ, ಕೆಳಗೆ ಬಟ್ಟೆ ಹಿಡಿದು ಸಿಂಪಡಿಸಿ. ಕಪ್ಪಾದ ದ್ರವ ಹೊರಬರುತ್ತದೆ. ಕೀಯನ್ನು ಹಾಕಿ, ತಿರುಗಿಸದೆ, ಒಳಗೆ ಹೊರಗೆ ಆಡಿಸಿ, ಹೊರತೆಗೆದು ಬಟ್ಟೆಯಲ್ಲಿ ಒರೆಸಿ, ಮತ್ತೆ ಸಿಂಪಡಿಸಿ. ಬಟ್ಟೆಗೆ ಹತ್ತುವ ಕಪ್ಪು ನಿಲ್ಲುವವರೆಗೂ ಇದನ್ನು ಮುಂದುವರಿಸಬೇಕು. ತಿರುಗಿಸಲು ಯತ್ನಿಸುವಾಗ ಹೆಬ್ಬೆರಳು ಮತ್ತು ತೋರುಬೆರಳಿನ ಬಲ ಮಾತ್ರ ಸಾಕು. ಕೀಯ ಹಿಡಿಯಲ್ಲಿರುವ ತೂತಿಗೆ ಸ್ಕ್ರೂಡ್ರೈವರ್ ತೂರಿಸಿ ಸನ್ನೆ ಮಾಡಿಕೊಂಡು ತಿರುಗಿಸಿದರೆ ಕೀ ಒಳಗೇ ಮುರಿಯುತ್ತದೆ. ಬ್ಯಾರಲಿನ ಮೈ ಎರಕದ ಸತುವಿನ ಮಿಶ್ರಲೋಹದ್ದಾದರೆ ಅದೂ ಸೀಳಬಹುದು.

ತೊಳೆದು ಪೂರ್ತಿ ಆರಿದ ಮೇಲಷ್ಟೇ ಒಣ ಲೂಬ್ರಿಕೆಂಟ್ ಹಾಕಬೇಕು. ನುಣ್ಣನೆಯ ಗ್ರ್ಯಾಫೈಟ್ ಪುಡಿ ಅಥವಾ ಆರಿದ ಮೇಲೆ ಒಣಪದರವಾಗಿ ಉಳಿಯುವ ಟೆಫ್ಲಾನ್ ಸ್ಪ್ರೇ, ಎರಡರಲ್ಲಿ ಒಂದು ಸಾಕು. ಗ್ರ್ಯಾಫೈಟಿನ ಜೊತೆ ಎಣ್ಣೆ ಸೇರಿದರೆ ಅದು ಕೆಸರಾಗುತ್ತದೆ, ಹಾಗಾಗಿ ಎಣ್ಣೆಯ ಅಂಶ ಉಳಿದಿರುವ ಬ್ಯಾರಲಿಗೆ ಅದನ್ನು ಊದಬೇಡಿ. ಡಬ್ಲ್ಯುಡಿ-40 ಬಗ್ಗೆ ಒಂದು ಮಾತು. ಆ ಹೆಸರಿನ ಎರಡು ಅಕ್ಷರಗಳು ನೀರನ್ನು ಹೊರದೂಡುವುದು ಎಂಬ ಇಂಗ್ಲಿಷ್ ಪದಗಳಿಂದ ಬಂದವು. 1953ರಲ್ಲಿ ಅಮೆರಿಕದಲ್ಲಿ ಅದನ್ನು ರೂಪಿಸಿದ್ದೂ ತೇವವನ್ನು ಓಡಿಸಿ ತುಕ್ಕು ತಡೆಯುವುದಕ್ಕಾಗಿಯೇ. ಒದ್ದೆಯಾದ ಅಥವಾ ತುಕ್ಕು ಹಿಡಿದ ಭಾಗವನ್ನು ಬಿಡಿಸಲು ಅದು ಬಹಳ ಉಪಯುಕ್ತ. ಆದರೆ ವರ್ಷಗಟ್ಟಲೆ ಉಳಿಯುವ ಲೂಬ್ರಿಕೆಂಟ್ ಎಂದು ಅದನ್ನು ಬ್ಯಾರಲಿಗೆ ಹೊಡೆದು ಮರೆತುಬಿಟ್ಟರೆ, ಉಳಿಯುವ ತೆಳು ಜಿಡ್ಡಿಗೆ ಮತ್ತೆ ಧೂಳು ಕೂರುತ್ತದೆ.

ಇಷ್ಟಕ್ಕೂ ಬಗ್ಗದ ಬ್ಯಾರಲನ್ನು ಬಾಗಿಲಿನಿಂದ ಕಳಚಬಹುದು. ಸಾಮಾನ್ಯವಾಗಿ ಹಿಂದಿನಿಂದ ಒಂದು ಯು ಆಕಾರದ ತಗಡಿನ ಕ್ಲಿಪ್ ಅಥವಾ ಎರಡು ನಟ್‌ಗಳು ಅದನ್ನು ಹಿಡಿದಿರುತ್ತವೆ. ಒಳಗಿನ ವೇಫರುಗಳನ್ನು ಬಿಡಿಸುವ ಧೈರ್ಯ ಇರುವವರು ಅಗಲವಾದ ಬಿಳಿ ತಟ್ಟೆಯಲ್ಲಿ ಕೆಲಸ ಮಾಡಲಿ, ಪ್ರತಿ ವೇಫರನ್ನೂ ಹೊರಬಂದ ಕ್ರಮದಲ್ಲೇ ಸಾಲಾಗಿ ಇಟ್ಟು ಚಿತ್ರ ತೆಗೆದುಕೊಳ್ಳಲಿ. ಕ್ರಮ ತಪ್ಪಿದರೆ ಆ ಕೀ ಆ ಲಾಕಿಗೆ ಮತ್ತೆ ಆಗುವುದಿಲ್ಲ. ಧೈರ್ಯವಿಲ್ಲದವರು ಕಳಚಿದ ಬ್ಯಾರಲನ್ನು ಕೀ ಸಮೇತ ಬೀಗ ರಿಪೇರಿಯವರ ಬಳಿ ಒಯ್ಯುವುದರಲ್ಲಿ ಸಂಕೋಚವೇನೂ ಇಲ್ಲ. ಬೀದಿ ಬದಿಯ ಪೆಟ್ಟಿಗೆಯಂಗಡಿಯಲ್ಲಿ ಕೂತು ಇದೇ ಕೆಲಸವನ್ನು ಜೀವಮಾನವಿಡೀ ಮಾಡಿದ ಕೈಗಳಿಗೆ ಇದು ತುಂಬ ಸುಲಭ.

ಲ್ಯಾಚ್

ಹೆಚ್ಚಿನ ಗಾಡಿಗಳಲ್ಲಿ ನಿಜವಾದ ತೊಂದರೆ ಇರುವುದು ಇಲ್ಲೇ, ಮತ್ತು ಅದೃಷ್ಟಕ್ಕೆ ಗುಣವಾಗುವ ತೊಂದರೆಯೂ ಇದೇ.

ಬಾಗಿಲು ತೆರೆದಿರುವಾಗಲೇ ಒಂದು ಸ್ಕ್ರೂಡ್ರೈವರಿನ ಕಂಬಿಯನ್ನು ಸ್ಟ್ರೈಕರ್ ಎಂದು ಭಾವಿಸಿ ಲ್ಯಾಚಿನ ಬಾಯಿಗೆ ಒತ್ತಿ. ಕವೆ ತಿರುಗುತ್ತಾ ಎರಡು ಸಲ ಟಕ್ ಎನ್ನಬೇಕು. ಮೊದಲನೆಯದು ಅರ್ಧ ಹಿಡಿತ. ಬಾಗಿಲು ಸರಿಯಾಗಿ ಮುಚ್ಚದಿದ್ದರೂ ದಾರಿಯಲ್ಲಿ ಹಾರಿ ತೆರೆದುಕೊಳ್ಳದಂತೆ ಅದು ಕಾಯುತ್ತದೆ. ಎರಡನೆಯದು ಪೂರ್ಣ ಹಿಡಿತ. ಆಮೇಲೆ ಕೀ ತಿರುಗಿಸಿದರೆ ಅಥವಾ ಹ್ಯಾಂಡಲ್ ಎಳೆದರೆ ಕವೆ ಥಟ್ಟನೆ ಹಿಂದಕ್ಕೆ ಚಿಮ್ಮಬೇಕು. ಸೋಮಾರಿಯಾಗಿ, ಅರೆಬರೆಯಾಗಿ ತೆವಳಿಕೊಂಡು ಹಿಂದೆ ಬಂದರೆ ಒಳಗೆ ಗ್ರೀಸ್ ಗಟ್ಟಿಯಾಗಿದೆ ಎಂದು ತಿಳಿಯಿರಿ. ಕಾರ್ಖಾನೆಯಲ್ಲಿ ಹಚ್ಚಿದ ಗ್ರೀಸ್ ಇಷ್ಟು ವರ್ಷಗಳಲ್ಲಿ ಕಂದು ಬಣ್ಣಕ್ಕೆ ತಿರುಗಿ, ಉಗುರಿನಿಂದ ಕೆರೆದರೆ ಮೇಣದಂತೆ ಸುರುಳಿಯಾಗಿ ಏಳುತ್ತದೆ. ಅದರೊಳಗೆ ಮರಳಿನ ಕಣಗಳು ಬೆರಳಿಗೆ ಸಿಗುತ್ತವೆ. ಇದರ ಮೇಲೆ ಹೊಸ ಗ್ರೀಸ್ ಬಳಿಯುವುದರಿಂದ ಏನೂ ಪ್ರಯೋಜನವಿಲ್ಲ.

ಲ್ಯಾಚನ್ನು ಕಳಚಿ ತೊಳೆಯುವುದೇ ಉತ್ತಮ. ಅದು ಎರಡು ಅಥವಾ ಮೂರು ಬೋಲ್ಟುಗಳ ಮೇಲೆ ಕೂತಿರುತ್ತದೆ. ಬೋಲ್ಟ್ ತೆಗೆಯುವ ಮೊದಲು ಅದರ ಅಂಚಿನ ಸುತ್ತ ಮಾರ್ಕರಿನಲ್ಲಿ ಗೆರೆ ಎಳೆಯಿರಿ, ರಾಡ್ ಯಾವ ತೂತಿನಲ್ಲಿ ಯಾವ ಕಡೆಯಿಂದ ಸಿಕ್ಕಿಕೊಂಡಿದೆ ಎಂಬುದರ ಚಿತ್ರ ತೆಗೆಯಿರಿ. ರಾಡಿನ ಕ್ಲಿಪ್ ತುದಿಯಲ್ಲಿ ತಿರುಗಿ ಬಿಡುವಂಥದ್ದು. ಎಳೆದರೆ ಮುರಿಯುತ್ತದೆ, ತಿರುಗಿಸಿದರೆ ಬಿಡುತ್ತದೆ. ಹೊರತೆಗೆದ ಲ್ಯಾಚಿನಲ್ಲಿ ಮೋಟಾರ್ ಅಥವಾ ಸ್ವಿಚ್ ಜೋಡಿಸಿದ್ದರೆ ಅದನ್ನು ಬೇರ್ಪಡಿಸಿ, ಬರೀ ಲೋಹದ ಭಾಗವನ್ನು ಒಂದು ಬೋಗುಣಿಯಲ್ಲಿ ಸೀಮೆಎಣ್ಣೆಯೊಳಗೆ ನೆನೆಯಿಡಿ. ಸೀಮೆಎಣ್ಣೆ ಸಿಗುವುದು ಈಗ ಕಷ್ಟವಾಗಿದ್ದರೆ ಅಂಗಡಿಯಲ್ಲಿ ಸಿಗುವ ಡಿಗ್ರೀಸರ್ ಆದೀತು. ಪೆಟ್ರೋಲ್ ಮಾತ್ರ ಬೇಡವೇ ಬೇಡ. ಅದರ ಆವಿಗೆ ಒಂದು ಕಿಡಿ ಸಾಕು. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕವೆಯ ಬುಡವನ್ನೂ ಕೊಕ್ಕೆಯ ಬುಡವನ್ನೂ ಉಜ್ಜುತ್ತಾ, ನಡುನಡುವೆ ಕೈಯಿಂದ ಕವೆಯನ್ನು ಮುಚ್ಚಿ ಬಿಡಿಸುತ್ತಾ ಇದ್ದರೆ ಒಳಗಿನ ಕೊಳೆ ಹೊರಬರುತ್ತದೆ. ತುಕ್ಕಿನಿಂದ ಹಿಡಿದಿದ್ದರೆ ತುಕ್ಕು ಬಿಡಿಸುವ ಎಣ್ಣೆಯನ್ನು ಕೀಲುಗಳಿಗೆ ಬಿಟ್ಟು ಒಂದು ರಾತ್ರಿ ಹಾಗೇ ಇಡಿ. ಸುತ್ತಿಗೆಯ ಏಟು ಯಾವ ಹಂತದಲ್ಲೂ ಬೇಡ.

ತೊಳೆದು ಒಣಗಿಸಿದ ಲ್ಯಾಚನ್ನು ಬೆಳಕಿಗೆ ಹಿಡಿದು ನೋಡುವುದು ಈಗ. ಕವೆಯ ಮತ್ತು ಕೊಕ್ಕೆಯ ಸ್ಪ್ರಿಂಗ್‌ಗಳು ಎರಡೂ ಅವುಗಳ ಗೂಟಗಳಲ್ಲಿ ಕೂತಿವೆಯೇ, ಕೊಕ್ಕೆ ಮತ್ತು ಕವೆ ಒಂದಕ್ಕೊಂದು ತಾಗುವ ಮೂಲೆ ಚೂಪಾಗಿಯೇ ಇದೆಯೇ ಅಥವಾ ಸವೆದು ಉರುಟಾಗಿದೆಯೇ, ಕವೆಯ ಮೈಮೇಲಿನ ಪ್ಲಾಸ್ಟಿಕ್ ಹೊದಿಕೆ ಒಡೆದಿದೆಯೇ ಎಂದು ಪರೀಕ್ಷಿಸಿ. ಹೊದಿಕೆ ಒಡೆದರೆ ಬಾಗಿಲು ಕಟಕಟ ಎನ್ನುತ್ತದೆ, ಅಷ್ಟೇ; ಆದರೆ ಆ ಮೂಲೆ ಉರುಟಾಗಿದ್ದರೆ ಲ್ಯಾಚು ಓಡುವ ಗಾಡಿಯಲ್ಲಿ ತಾನೇ ಬಿಟ್ಟುಕೊಳ್ಳಬಹುದು. ಅಂಥದ್ದನ್ನು ವೆಲ್ಡಿಂಗ್ ಮಾಡಿಸುವುದು, ಅರದಿಂದ ಉಜ್ಜಿ ಸರಿಪಡಿಸುವುದು ಸಲ್ಲದು. ರಿವೆಟ್ ಹೊಡೆದು ಮುಚ್ಚಿದ ಲ್ಯಾಚನ್ನು ಬಿಚ್ಚಿ ಮತ್ತೆ ಜೋಡಿಸುವ ಸಾಹಸವೂ ಹಾಗೆಯೇ. ಬದಲಾಯಿಸಬೇಕು. ನಿಂತುಹೋದ ಮಾದರಿಗಳಿಗೆ ಹೊಸದು ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಅಥವಾ ಶಿವಾಜಿನಗರದ ಗುಜರಿಯಲ್ಲಿ ಹುಡುಕುವುದು ವಾಡಿಕೆ. ಹಳೆಯ ಲ್ಯಾಚನ್ನು ಕೈಯಲ್ಲೇ ಒಯ್ದು, ಬೋಲ್ಟಿನ ತೂತುಗಳ ಅಂತರ, ಸನ್ನೆಯ ದಿಕ್ಕು, ವೈರಿನ ಸಾಕೆಟ್ ಮೂರನ್ನೂ ಹೋಲಿಸಿ, ಅಂಗಡಿಯಲ್ಲೇ ಸ್ಕ್ರೂಡ್ರೈವರಿನಿಂದ ಆ ಎರಡು ಟಕ್‌ಗಳನ್ನು ಕೇಳಿ ಕೊಳ್ಳಬೇಕು.

ಒಳ್ಳೆಯ ಲ್ಯಾಚಿಗೆ ಬಿಳಿ ಲಿಥಿಯಂ ಗ್ರೀಸನ್ನು ಕವೆ ಮತ್ತು ಕೊಕ್ಕೆ ತಿರುಗುವ ಕೀಲುಗಳಿಗೆ, ಅವು ಪರಸ್ಪರ ಉಜ್ಜುವ ಅಂಚಿಗೆ, ಬೆಂಕಿಕಡ್ಡಿಯ ತುದಿಯಲ್ಲಿ ಹಿಡಿಯುವಷ್ಟು ಹಚ್ಚಿದರೆ ಸಾಕು. ಹೆಚ್ಚು ಹಚ್ಚಿದಷ್ಟೂ ಧೂಳು ಹೆಚ್ಚು ಹಿಡಿಯುತ್ತದೆ, ಜೊತೆಗೆ ಸಾಮಾನು ಇಳಿಸುವವರ ಬಟ್ಟೆಗೂ ಮೆತ್ತಿಕೊಳ್ಳುತ್ತದೆ.

ರಾಡ್, ಮೋಟಾರ್, ವೈರು

ರಾಡಿನಲ್ಲಿ ಕೆಡುವುದು ಕಡಿಮೆ. ಕ್ಲಿಪ್ ಮುರಿದಿದ್ದರೆ ಹೊಸ ಕ್ಲಿಪ್ ಹಾಕಬೇಕು. ತಂತಿ ಸುತ್ತಿ ಕಟ್ಟುವುದು ದಾರಿಯಲ್ಲಿ ಮನೆ ತಲುಪುವುದಕ್ಕೆ ಮಾತ್ರ. ರಾಡ್ ಬಾಗಿದ್ದರೆ ಅದನ್ನು ನೆಟ್ಟಗೆ ಮಾಡುವ ಮುನ್ನ ಯೋಚಿಸಿ, ಏಕೆಂದರೆ ಎಷ್ಟೋ ರಾಡುಗಳನ್ನು ಕಾರ್ಖಾನೆಯಲ್ಲೇ ಬಾಗಿಸಿರುತ್ತಾರೆ. ಉದ್ದ ಹೊಂದಿಸುವ ತಿರುಪು ಇರುವ ರಾಡಾದರೆ, ಕೀ ಮುಟ್ಟದಿರುವಾಗ ಅದರಲ್ಲಿ ಸ್ವಲ್ಪ ಸಡಿಲ ಇರಲೇಬೇಕು. ರಾಡ್ ಬಿಗಿಯಾಗಿದ್ದರೆ ಕೊಕ್ಕೆ ಸದಾ ಅರ್ಧ ಎಳೆದ ಸ್ಥಿತಿಯಲ್ಲಿರುತ್ತದೆ, ಬಾಗಿಲು ಹಿಡಿದುಕೊಳ್ಳುವುದೇ ಇಲ್ಲ.

ರಿಮೋಟಿಗೆ ಸ್ಪಂದಿಸದ ಬಾಗಿಲಿನಲ್ಲಿ ಮೋಟಾರನ್ನು ದೂರುವ ಮೊದಲು ಹಿಂಜಿನ ಪಕ್ಕದಲ್ಲಿ ಛಾವಣಿಯಿಂದ ಬಾಗಿಲಿಗೆ ಹೋಗುವ ರಬ್ಬರ್ ತೋಳನ್ನು ಬಿಡಿಸಿ ಒಳಗೆ ನೋಡಿ. ಬಾಗಿಲು ಎತ್ತಿ ಇಳಿಸಿದಾಗಲೆಲ್ಲ ಅಲ್ಲಿನ ವೈರುಗಳು ಒಂದೇ ಜಾಗದಲ್ಲಿ ಮಡಚಿಕೊಳ್ಳುವುದರಿಂದ ಹೊರಗಿನ ಹೊದಿಕೆ ಚೆನ್ನಾಗಿದ್ದೂ ಒಳಗಿನ ತಾಮ್ರ ತುಂಡಾಗಿರಬಹುದು. ಹಿಂದಿನ ವೈಪರ್, ಗಾಜಿನ ಹೀಟರ್, ನಂಬರ್ ಪ್ಲೇಟಿನ ದೀಪ ಇವುಗಳಲ್ಲಿ ಯಾವುದಾದರೂ ಲಾಕಿನ ಜೊತೆಗೇ ಕೈಕೊಟ್ಟಿದ್ದರೆ ದೋಷ ಇಲ್ಲೇ ಇದೆ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ತುಂಡಾದ ವೈರನ್ನು ಬರೀ ತಿರುಚಿ ಟೇಪ್ ಸುತ್ತಿದರೆ ಅದು ಬಾಳುವುದಿಲ್ಲ. ಮೆದುವಾದ, ನೂರೆಳೆಯ ವೈರಿನ ತುಂಡನ್ನು ಮಡಿಕೆಯ ಎರಡೂ ಬದಿ ದಾಟಿ ಬರುವಷ್ಟು ಉದ್ದ ತೆಗೆದುಕೊಂಡು, ಬೆಸುಗೆಯ ಜಾಗಗಳು ತೋಳಿನ ಹೊರಗೆ ಬೀಳುವಂತೆ ಸೇರಿಸಿ, ಒಂದೊಂದು ವೈರಿನ ಬೆಸುಗೆಯನ್ನೂ ಬೇರೆ ಬೇರೆ ದೂರದಲ್ಲಿ ಇಟ್ಟರೆ ತೋಳು ದಪ್ಪವಾಗುವುದಿಲ್ಲ. ವೈರು ಸರಿಯಿದ್ದರೆ ಬ್ಯಾಟರಿಯನ್ನು ಮತ್ತೆ ಜೋಡಿಸಿ, ಒಬ್ಬರು ರಿಮೋಟ್ ಒತ್ತುವಾಗ ಮೋಟಾರಿನ ಸಾಕೆಟ್ಟಿನಲ್ಲಿ ಮಲ್ಟಿಮೀಟರ್ ಹಿಡಿದು ನೋಡಿ. ಕ್ಷಣಮಾತ್ರ 12 ವೋಲ್ಟ್ ಬಂದು ಹೋಗಬೇಕು. ಅದು ಬಂದೂ ಮೋಟಾರ್ ಕದಲದಿದ್ದರೆ ಮೋಟಾರ್ ಬದಲಾಯಿಸಿ.

ಸ್ಟ್ರೈಕರ್ ಮತ್ತು ರಬ್ಬರ್

ಒಳಕ್ಕೆ ಒತ್ತಿದಾಗ ಮಾತ್ರ ತೆರೆಯುವ ಬಾಗಿಲಿಗೆ ಮದ್ದು ಇಲ್ಲಿದೆ. ಸ್ಟ್ರೈಕರಿನ ಕಂಬಿಯನ್ನು ಗಮನಿಸಿ. ಲ್ಯಾಚು ನೇರವಾಗಿ ಇಳಿಯುತ್ತಿದ್ದರೆ ಸವೆತದ ಹೊಳಪು ನಡುವಿನಲ್ಲಿರುತ್ತದೆ. ಒಂದು ಪಕ್ಕದಲ್ಲಿ ಮಾತ್ರ ಕೆರೆದ ಗುರುತಿದ್ದರೆ ಬಾಗಿಲು ಓರೆಯಾಗಿದೆ. ಆಗ ಮೊದಲು ಹಿಂಜುಗಳ ಬೋಲ್ಟನ್ನೂ ಬಾಗಿಲಿನ ಎಡಬಲದ ಸಂದುಗಳನ್ನೂ ಪರೀಕ್ಷಿಸಬೇಕು. ಹಿಂದಿನಿಂದ ಗುದ್ದಿಸಿಕೊಂಡು ಡೆಂಟಿಂಗ್ ಆದ ಗಾಡಿಗಳಲ್ಲಿ ಸಂದು ಎರಡು ಕಡೆ ಸಮವಿರುವುದು ಅಪರೂಪ.

ಸ್ಟ್ರೈಕರಿನ ಬುಡದ ಸುತ್ತ ಗೆರೆ ಎಳೆದು, ಬೋಲ್ಟುಗಳನ್ನು ಕೈಯಿಂದ ತಟ್ಟಿದರೆ ಮಾತ್ರ ಸರಿಯುವಷ್ಟು ಸಡಿಲಿಸಿ. ಬಾಗಿಲನ್ನು ಮೆಲ್ಲಗೆ ಇಳಿಸಿ ಮುಚ್ಚಿದರೆ ಲ್ಯಾಚೇ ಸ್ಟ್ರೈಕರನ್ನು ತನಗೆ ಬೇಕಾದ ಕಡೆ ಎಳೆದುಕೊಳ್ಳುತ್ತದೆ. ನಿಧಾನವಾಗಿ ತೆರೆದು, ಗೆರೆಯಿಂದ ಎಷ್ಟು ಸರಿದಿದೆ ಎಂದು ನೋಡಿ, ಅಲ್ಲಿಯೇ ಬಿಗಿಮಾಡಿ. ಇನ್ನೂ ಬಿಗಿಯಿದ್ದರೆ ಬಾಗಿಲ ಹೊರಮುಖದ ಕಡೆಗೆ ಒಂದು ಮಿಲಿಮೀಟರಿನಷ್ಟು ಸರಿಸಿ ಮತ್ತೆ ಪ್ರಯತ್ನಿಸಬೇಕು. ಒಂದು ಸಲಕ್ಕೆ ಅದಕ್ಕಿಂತ ಹೆಚ್ಚು ಸರಿಸಿದರೆ ಬಾಗಿಲು ಸಡಿಲವಾಗಿ, ಮಳೆನೀರಿಗೆ ದಾರಿಯಾಗುತ್ತದೆ. ಬಾಗಿಲ ಅಂಚಿನಲ್ಲಿರುವ ತಿರುಪಿನ ರಬ್ಬರ್ ಗುಬ್ಬಿಗಳನ್ನು ಈ ಕೆಲಸಕ್ಕೆ ಮೊದಲು ಒಳಕ್ಕೆ ತಿರುಗಿಸಿಟ್ಟು, ಸ್ಟ್ರೈಕರ್ ಸರಿಯಾದ ಮೇಲೆ ಬಾಗಿಲಿಗೆ ಮೆದುವಾಗಿ ತಾಗುವಷ್ಟು ಹೊರಕ್ಕೆ ತನ್ನಿ.

ಎಷ್ಟೋ ಸಲ ಅಪರಾಧಿ ಹೊಸದಾಗಿ ಹಾಕಿಸಿದ ಬೀಡಿಂಗ್. ಅಳತೆಗಿಂತ ದಪ್ಪನೆಯ ರಬ್ಬರನ್ನು ಅಂಟಿಸಿದರೆ ಬಾಗಿಲು ಯಾವತ್ತಿಗೂ ಸಲೀಸಾಗಿ ತೆರೆಯದು. ಬೀಡಿಂಗ್ ಸರಿಯಿದೆಯೇ ಎಂದು ತಿಳಿಯಲು ಒಂದು ಕಾಗದದ ಪಟ್ಟಿಯನ್ನು ಅಡ್ಡ ಇಟ್ಟು ಬಾಗಿಲು ಮುಚ್ಚಿ ಎಳೆದು ನೋಡಿ. ಸುತ್ತಲೂ ಅಲ್ಲಲ್ಲಿ ಹೀಗೆ ಮಾಡಿದಾಗ ಕಾಗದ ಎಲ್ಲೆಡೆಯೂ ಒಂದೇ ಹದದ ತಡೆಯಿಂದ ಜಾರಬೇಕು. ಒಂದು ಕಡೆ ಹರಿದು ಇನ್ನೊಂದು ಕಡೆ ಸಲೀಸಾಗಿ ಬಂದರೆ ಒತ್ತಡ ಸಮವಿಲ್ಲ. ರಬ್ಬರಿಗೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಬಹುದು. ಎಂಜಿನ್ ಆಯಿಲ್, ಸಾಮಾನ್ಯ ಗ್ರೀಸ್ ಹಚ್ಚಿದರೆ ಈ ಬಗೆಯ ರಬ್ಬರ್ ಉಬ್ಬಿಕೊಂಡು ಕೆಡುತ್ತದೆ.

ಜೋಡಿಸಿ ಮುಚ್ಚುವಾಗ

ಎಲ್ಲ ಮುಗಿದ ಮೇಲೆ ಬಾಗಿಲನ್ನು ಥಟ್ಟನೆ ಹಾಕಿಬಿಡುವ ಆಸೆಯಾಗುತ್ತದೆ. ತಡೆಯಿರಿ. ಒಳಹಲಗೆಯನ್ನು ಇನ್ನೂ ಹಾಕಬೇಡಿ. ಸ್ಕ್ರೂಡ್ರೈವರಿನಿಂದ ಲ್ಯಾಚನ್ನು ಪೂರ್ಣ ಹಿಡಿತಕ್ಕೆ ತಂದು ಕೀಯಿಂದ, ಹ್ಯಾಂಡಲಿನಿಂದ, ರಿಮೋಟಿನಿಂದ ಪ್ರತಿಯೊಂದರಿಂದಲೂ ಅದು ಬಿಡುತ್ತದೆಯೇ ಎಂದು ನೋಡಿ. ಅದಾದ ಮೇಲಷ್ಟೇ, ಹಿಂದಿನ ಸೀಟು ಮಡಚಿಟ್ಟು, ಬಾಗಿಲನ್ನು ನಿಜವಾಗಿ ಮುಚ್ಚಬೇಕು. ಸಿಕ್ಕಿಕೊಂಡರೂ ಒಳಗಿನಿಂದ ಲ್ಯಾಚು ಕೈಗೆ ಸಿಗುತ್ತದೆ. ಕೆಲವು ಸಲ ಮುಚ್ಚಿ ತೆರೆದು ತೃಪ್ತಿಯಾದ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಅಂಟಿಸಿ, ಹಲಗೆ ಕೂರಿಸಿ.

ರಿಪೇರಿ ಅರ್ಧಕ್ಕೆ ನಿಂತು ಬಾಗಿಲು ಪೂರ್ಣ ಹಿಡಿಯದಿದ್ದರೆ ಅದನ್ನು ಹಗ್ಗದಿಂದ ಕಟ್ಟಿಕೊಂಡು ಗಾಡಿ ಓಡಿಸಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಧೂಳನ್ನು ಹಿಂಬಾಗಿಲಿಗೆ ಎಳೆದು ತರುವ ಅದೇ ಗಾಳಿ ಸೈಲೆನ್ಸರಿನ ಹೊಗೆಯನ್ನೂ ತೆರೆದ ಸಂದಿನಿಂದ ಒಳಕ್ಕೆ ಎಳೆಯುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹಿಂದಿನ ಸೀಟಿನಲ್ಲಿ ಮಲಗಿದ ಮಗುವಿಗೆ ನಿದ್ದೆ ಯಾವುದು, ಮಂಪರು ಯಾವುದು ಎಂದು ಮುಂದೆ ಕೂತವರಿಗೆ ತಿಳಿಯುವುದಿಲ್ಲ. ಅನಿವಾರ್ಯವಾಗಿ ಗ್ಯಾರೇಜಿನವರೆಗೆ ಒಯ್ಯಲೇಬೇಕಾದರೆ ಹಿಂದೆ ಯಾರನ್ನೂ ಕೂರಿಸದೆ, ಮುಂದಿನ ಕಿಟಕಿಗಳನ್ನು ಪೂರ್ತಿ ಇಳಿಸಿ, ಬ್ಲೋವರನ್ನು ಹೊರಗಿನ ಗಾಳಿಗೆ ಇಟ್ಟು, ಹತ್ತಿರದ ದಾರಿಯಲ್ಲಿ ಹೋಗಬೇಕು.

ಇನ್ನು ಉಳಿದದ್ದು ನಿಗಾ. ರಿಮೋಟ್ ಇದ್ದರೂ ತಿಂಗಳಿಗೊಮ್ಮೆ ಹಿಂಬಾಗಿಲಿಗೆ ಕೀ ಹಾಕಿ ತಿರುಗಿಸಿ. ಮುಂಗಾರು ಹಿಡಿಯುವ ಮೊದಲು, ಮೇ ತಿಂಗಳಲ್ಲಿ, ಬಾಗಿಲ ಕೆಳ ಅಂಚಿನ ತೂತುಗಳಿಗೆ ತೆಳು ತಂತಿ ಹಾಕಿ ಮಣ್ಣು ತೆಗೆಯಿರಿ, ಲ್ಯಾಚಿನ ಬಾಯಿಯನ್ನು ಒರೆಸಿ ಗ್ರೀಸ್ ಸವರಿ. ಕರಾವಳಿಯ ಉಪ್ಪುಗಾಳಿಯಲ್ಲಿ ಮತ್ತು ಮಲೆನಾಡಿನ ಮಳೆಯಲ್ಲಿ ಓಡುವ ಗಾಡಿಗಳಿಗೆ ಇದನ್ನು ಮಳೆ ಹಿಂದೆಗೆದ ಮೇಲೆ ಅಕ್ಟೋಬರಿನಲ್ಲಿ ಇನ್ನೊಮ್ಮೆ ಮಾಡಬೇಕು. ಸರ್ವಿಸ್ ಸ್ಟೇಷನ್‌ನಲ್ಲಿ ಗಾಡಿ ತೊಳೆಯುವವರಿಗೆ ನೀರಿನ ಗನ್ನನ್ನು ಕೀಲಿಯ ತೂತಿಗೆ ನೇರವಾಗಿ ಹಿಡಿಯಬಾರದೆಂದು ಹೇಳಿ, ತೊಳೆದಾದ ಮೇಲೆ ಹಿಂಬಾಗಿಲನ್ನು ಸ್ವಲ್ಪ ಹೊತ್ತು ತೆರೆದಿಟ್ಟು ಒಳಗೆ ಸೇರಿದ ನೀರು ಆರುವಂತೆ ನೋಡಿಕೊಳ್ಳಿ.